ಓದುಗರ ಪ್ರಶ್ನೆ: ಕರ್ಪೂರ ಮಾಯವಾಗುತ್ತದೆ, ಮರಳೇಕೆ ಅಲುಗುವುದಿಲ್ಲ?

ವಜ್ರ, ಗ್ರಾಫೈಟ್, ಮರಳು, ಸಾಣೆಕಲ್ಲು ಕುರಿತು ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬೇರೆ ಬೇರೆ ಊರಿನ ಪ್ರಶ್ನೆಗಳಾದರೂ ಬೇರು ಒಂದೇ.

ಹತ್ತನೇ ತರಗತಿ ಪುಸ್ತಕದಲ್ಲಿ ಸಹವೇಲೆನ್ಸೀಯ ಸಂಯುಕ್ತಗಳ ಕರಗುವ ಬಿಂದು, ಕುದಿಯುವ ಬಿಂದು ಕಡಿಮೆ ಎಂದಿದೆ. ಆದರೆ ವಜ್ರದಲ್ಲೂ ಮರಳಿನಲ್ಲೂ ಇರುವುದು ಸಹವೇಲೆನ್ಸೀಯ ಬಂಧವೇ. ಅವು ಯಾಕೆ ಕರಗುವುದಿಲ್ಲ? ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?
— ವಿದ್ಯಾರ್ಥಿನಿ, ನಾಪೋಕ್ಲು

ಎರಡೂ ಸರಿ. ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಕೂಡುವುದೇ ಸಹವೇಲೆನ್ಸೀಯ ಬಂಧ. ಪುಸ್ತಕದ ಮಾತು ಅಣುಗಳಿಂದಾದ ವಸ್ತುಗಳಿಗೆ ಅನ್ವಯಿಸುತ್ತದೆ. ವಜ್ರದಲ್ಲಿ, ಮರಳಿನಲ್ಲಿ ಬಿಡಿ ಅಣುಗಳೇ ಇಲ್ಲ.

ದೇವರ ಮನೆಯ ಕರ್ಪೂರವನ್ನು ನೋಡಿ. ಅದರ ಒಂದು ಅಣುವಿನಲ್ಲಿ 10 ಕಾರ್ಬನ್, 16 ಹೈಡ್ರೋಜನ್, 1 ಆಕ್ಸಿಜನ್, ಒಟ್ಟು 27 ಪರಮಾಣುಗಳು ಸಹವೇಲೆನ್ಸೀಯ ಬಂಧದಿಂದ ಬಿಗಿದುಕೊಂಡಿವೆ. ಡಬ್ಬಿ ಮುಚ್ಚಲು ಮರೆತರೆ ಕೆಲವು ದಿನಗಳಲ್ಲಿ ಬಿಲ್ಲೆ ಸಣ್ಣದಾಗುತ್ತದೆ, ಕೋಣೆ ತುಂಬ ವಾಸನೆ. ಹಾಗೆ ಆವಿಯಾಗುವಾಗ ಆ ಬಂಧಗಳಲ್ಲಿ ಒಂದೂ ಮುರಿದಿರುವುದಿಲ್ಲ. ಇಡೀ ಅಣು ಪಕ್ಕದ ಅಣುವಿನಿಂದ ಬಿಡಿಸಿಕೊಂಡು ಹಾರಿಹೋಗಿದೆ, ಅಷ್ಟೇ. ಅಣು ಅಣುವಿನ ನಡುವಿನ ಸೆಳೆತ ಬಹಳ ದುರ್ಬಲ, ಕೋಣೆಯ ಬಿಸಿಯೇ ಸಾಕು. ನೀರೂ ಹೀಗೆಯೇ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಆಗ ಬಿಡಿಸಿಕೊಳ್ಳುವುದು ನೀರಿನ ಅಣುಗಳ ನಡುವಿನ ಹೈಡ್ರೋಜನ್ ಬಂಧ. ಅಣುವಿನೊಳಗಿನ ಬಂಧಕ್ಕೆ ಹೋಲಿಸಿದರೆ ಅದರ ಬಲ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಎಷ್ಟು ಹೊತ್ತು ಕುದಿಸಿದರೂ ಪಾತ್ರೆಯಿಂದ ಹೈಡ್ರೋಜನ್ ಅನಿಲ ಏಳುವುದಿಲ್ಲ.

ಈಗ ವಜ್ರ. ಪ್ರತಿ ಕಾರ್ಬನ್ ಪರಮಾಣು ನಾಲ್ಕು ಕಾರ್ಬನ್‌ಗಳಿಗೆ ಕೈ ಕೊಟ್ಟಿದೆ, ಆ ನಾಲ್ಕರಲ್ಲಿ ಪ್ರತಿಯೊಂದೂ ಮತ್ತೆ ನಾಲ್ಕಕ್ಕೆ. ಬಂಧದ ಉದ್ದ 0.154 ನ್ಯಾನೋಮೀಟರ್, ಎರಡು ಬಂಧಗಳ ನಡುವಿನ ಕೋನ 109.5 ಡಿಗ್ರಿ, ಯಾವ ದಿಕ್ಕಿಗೆ ಹೋದರೂ ಇದೇ ಹೆಣಿಗೆ. ಹರಳಿನ ಅಂಚಿನವರೆಗೂ ಅದು ಎಲ್ಲೂ ತುಂಡಾಗುವುದಿಲ್ಲ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ ವಜ್ರದಲ್ಲಿ 1ರ ಮುಂದೆ 22 ಸೊನ್ನೆ ಹಾಕಿದಷ್ಟು ಪರಮಾಣುಗಳಿವೆ, ಎಲ್ಲವೂ ಒಂದೇ ಹೆಣಿಗೆಯಲ್ಲಿ. ಇದನ್ನು ಸಡಿಲಿಸಬೇಕಾದರೆ ಸಹವೇಲೆನ್ಸೀಯ ಬಂಧವನ್ನೇ ಮುರಿಯಬೇಕು, ಮೋಲ್‌ಗೆ ಸುಮಾರು 350 ಕಿಲೋಜೌಲ್‌ನಂತೆ. ಇಂಥವನ್ನು ದೈತ್ಯ ಸಹವೇಲೆನ್ಸೀಯ ರಚನೆ ಅಥವಾ ಜಾಲ ರಚನೆ ಎನ್ನುತ್ತಾರೆ.

ಮರಳಿನ ಹೋಲಿಕೆ ಇನ್ನೂ ಸ್ವಾರಸ್ಯ. ಮರಳೆಂದರೆ ಬಹುಪಾಲು ಸಿಲಿಕಾ, ಅಂದರೆ ಸಿಲಿಕಾನ್ ಡೈಆಕ್ಸೈಡ್. ಕಾರ್ಬನ್ ಡೈಆಕ್ಸೈಡ್, ಸಿಲಿಕಾನ್ ಡೈಆಕ್ಸೈಡ್: ಹೆಸರೂ ಸೂತ್ರವೂ ಅಣ್ಣತಮ್ಮಂದಿರ ಹಾಗೆ. ಮೊದಲನೆಯದು ಅನಿಲ, ಅದರ ಒಣ ಮಂಜು ಸೊನ್ನೆಗಿಂತ 78 ಡಿಗ್ರಿ ಕೆಳಗೇ ಆವಿಯಾಗುತ್ತದೆ. ಎರಡನೆಯದು ಕರಗಲು ಸುಮಾರು 1,700 ಡಿಗ್ರಿ ಬೇಕು. ಕಾರ್ಬನ್ ಚಿಕ್ಕ ಪರಮಾಣು, ಆಕ್ಸಿಜನ್ ಜೊತೆ ಗಟ್ಟಿಯಾದ ದ್ವಿಬಂಧ ಮಾಡಿಕೊಂಡು ಮೂರೇ ಪರಮಾಣುಗಳಲ್ಲಿ ಸಂಸಾರ ಮುಗಿಸುತ್ತದೆ. ಸಿಲಿಕಾನ್ ದೊಡ್ಡದು, ಅದಕ್ಕೆ ಆ ದ್ವಿಬಂಧ ಒಗ್ಗುವುದಿಲ್ಲ. ಹಾಗಾಗಿ ನಾಲ್ಕು ಆಕ್ಸಿಜನ್‌ಗಳಿಗೆ ಒಂದೊಂದು ಬಂಧ ಕೊಡುತ್ತದೆ, ಪ್ರತಿ ಆಕ್ಸಿಜನ್ ಎರಡು ಸಿಲಿಕಾನ್‌ಗಳ ನಡುವೆ ಸೇತುವೆಯಾಗುತ್ತದೆ. ಸೂತ್ರದಲ್ಲಿನ ‘ಒಂದಕ್ಕೆ ಎರಡು’ ಇಲ್ಲಿ ಅನುಪಾತ ಮಾತ್ರ.

ಉತ್ತರಪತ್ರಿಕೆಯಲ್ಲಿ ಮೂರು ತಪ್ಪುಗಳಿಂದ ತಪ್ಪಿಸಿಕೊಳ್ಳಿ. ‘ವಜ್ರದ ಅಣುಗಳ ನಡುವಿನ ಬಲ ಹೆಚ್ಚು’ ಎಂದು ಬರೆಯಬೇಡಿ, ಅಲ್ಲಿ ಅಣುವೇ ಇಲ್ಲ. ‘ಗ್ರಾಫೈಟ್‌ನ ಪದರಗಳು ದುರ್ಬಲ, ಆದ್ದರಿಂದ ಬೇಗ ಕರಗುತ್ತದೆ’ ಎಂಬುದೂ ತಪ್ಪು. ಪದರಗಳ ನಡುವಿನ ಹಿಡಿತ ದುರ್ಬಲವಾದರೂ ಪದರದೊಳಗಿನ ಬಂಧ ಮುರಿಯದೆ ಗ್ರಾಫೈಟ್ ಜಾಗ ಬಿಡದು, ಅದಕ್ಕೆ ಸುಮಾರು 3,600 ಡಿಗ್ರಿ ಬೇಕು. ಮೂರನೆಯದು, ಗ್ರಾಫೈಟ್‌ನಲ್ಲಿ ವಿದ್ಯುತ್ ಒಯ್ಯುವುದು ಅಯಾನುಗಳಲ್ಲ, ಎಲೆಕ್ಟ್ರಾನ್‌ಗಳು. ರಚನೆ ಹೇಗಿದೆ, ಅದರಿಂದಾಗಿ ಯಾವ ಬಂಧ ಮುರಿಯಬೇಕು, ಅದಕ್ಕಾಗಿ ಗುಣ ಏನು: ಈ ಸರಣಿಯಲ್ಲಿ ಬರೆದರೆ ಅಂಕ ಕಡಿಯಲು ಜಾಗವಿರದು.

ವಿಜ್ಞಾನ ಮೇಳಕ್ಕೆ ಪೆನ್ಸಿಲ್ ಗೆರೆಯ ಮೂಲಕ ಎಲ್‌ಇಡಿ ಹೊತ್ತಿಸುವ ಪ್ರಯೋಗ ಮಾಡಿದೆವು. ಹೊತ್ತಲೇ ಇಲ್ಲ. ಗ್ರಾಫೈಟ್ ವಿದ್ಯುತ್ ವಾಹಕವಲ್ಲವೇ?
— ಪ್ರೌಢಶಾಲಾ ಶಿಕ್ಷಕರು, ಸೋಮವಾರಪೇಟೆ

ವಾಹಕವೇ, ಆದರೆ ಪೆನ್ಸಿಲ್ ಕಡ್ಡಿ ಪೂರ್ತಿ ಗ್ರಾಫೈಟ್ ಅಲ್ಲ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡುತ್ತಾರೆ. ಫ್ರಾನ್ಸಿನ ಕಾಂಟೆ 1795ರಲ್ಲಿ ಕಂಡುಹಿಡಿದ ಈ ವಿಧಾನವೇ ಈಗಲೂ ನಡೆದಿದೆ. (ನಮ್ಮ ಹಿರಿಯರು ಪೆನ್ಸಿಲ್ಲಿಗೆ ‘ಸೀಸದ ಕಡ್ಡಿ’ ಎನ್ನುತ್ತಿದ್ದರು. ಅದರಲ್ಲಿ ಸೀಸದ ಸುಳಿವೂ ಇಲ್ಲ.) ಎಚ್ ಸಾಲಿನ ಪೆನ್ಸಿಲ್‌ಗಳಲ್ಲಿ ಮಣ್ಣು ಹೆಚ್ಚು, ಬಿ ಸಾಲಿನವುಗಳಲ್ಲಿ ಗ್ರಾಫೈಟ್ ಹೆಚ್ಚು. ಮಕ್ಕಳು ಕಂಪಾಸ್ ಬಾಕ್ಸಿನ ಎಚ್‌ಬಿ ಪೆನ್ಸಿಲ್‌ನಿಂದ ತೆಳ್ಳಗೆ ಒಂದು ಗೆರೆ ಎಳೆದಿದ್ದರೆ ಹೊತ್ತದಿರುವುದು ಸಹಜ.

ಹೀಗೆ ಮಾಡಿ. 6ಬಿ ಪೆನ್ಸಿಲ್, 9 ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿ, ಮೊಸಳೆ ಕ್ಲಿಪ್ ಇರುವ ಮೂರು ವೈರ್ ಸಾಕು. ನುಣುಪಲ್ಲದ ದಪ್ಪ ಡ್ರಾಯಿಂಗ್ ಹಾಳೆಯಲ್ಲಿ 3 ಸೆಂ.ಮೀ. ಉದ್ದ, 7–8 ಮಿ.ಮೀ. ಅಗಲದ ಪಟ್ಟಿಯನ್ನು ಒತ್ತಿ ತುಂಬಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಹೀಗೆ ಆರೇಳು ಸಲ, ಬೆಳಕಿಗೆ ಹಿಡಿದರೆ ಲೋಹದಂತೆ ಮಿನುಗುವವರೆಗೆ. ಬ್ಯಾಟರಿಯ ಧನ ತುದಿಯಿಂದ ಪಟ್ಟಿಯ ಒಂದು ಕೊನೆಗೆ, ಇನ್ನೊಂದು ಕೊನೆಯಿಂದ ಎಲ್‌ಇಡಿಯ ಉದ್ದ ಕಾಲಿಗೆ, ಗಿಡ್ಡ ಕಾಲಿನಿಂದ ಬ್ಯಾಟರಿಯ ಋಣ ತುದಿಗೆ. ಕಿಟಕಿ ಮುಚ್ಚಿ ನೋಡಿ, ಮಂಕಾಗಿ ಹೊತ್ತುತ್ತದೆ. ಕ್ಲಿಪ್ಪನ್ನು ಪಟ್ಟಿಯ ಮೇಲೆ ಸರಿಸುತ್ತ ಹತ್ತಿರ ತಂದಂತೆ ಬೆಳಕು ಏರುತ್ತದೆ. ಮೇಳದಲ್ಲಿ ಜನ ನಿಲ್ಲುವುದು ಇದನ್ನು ನೋಡಲು. ಎರಡು ಕ್ಲಿಪ್ ಒಂದಕ್ಕೊಂದು ತಾಗಿದರೆ ಮಾತ್ರ ಎಲ್‌ಇಡಿ ಸುಟ್ಟೇ ಹೋಗುತ್ತದೆ.

ಹೊತ್ತದಿದ್ದರೆ ಮೊದಲು ಎಲ್‌ಇಡಿ ಕಾಲು ತಿರುಗಿಸಿ ನೋಡಿ, ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯುತ್ತದೆ. ಜುಲೈ ತಿಂಗಳಾಗಿದ್ದರೆ ಹಾಳೆ ಮುಟ್ಟಿ ನೋಡಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಕಾಗದ ತಣ್ಣಗೆ, ಮೆತ್ತಗೆ ಆಗಿರುತ್ತದೆ, ಪೆನ್ಸಿಲ್ ಹಿಡಿಯುವ ಬದಲು ಹಾಳೆಯೇ ಏಳುತ್ತದೆ. ಒಲೆಯ ಹತ್ತಿರ ಹತ್ತು ನಿಮಿಷ ಇಟ್ಟು ಒಣಗಿಸಿಕೊಳ್ಳಿ. ಪೆನ್ಸಿಲ್ಲನ್ನೇ ಎರಡೂ ಕಡೆ ಚೂಪು ಮಾಡಿ ಕ್ಲಿಪ್ ಹಾಕುವವರಿದ್ದಾರೆ. ಕಡ್ಡಿಯ ರೋಧ ತೀರಾ ಕಡಿಮೆ, ಹಾಗಾಗಿ ನಡುವೆ 470 ಓಮ್ ರೆಸಿಸ್ಟರ್ ಹಾಕದೆ ಆ ಪ್ರಯೋಗ ಮಾಡಬಾರದು. ಪಕ್ಕದಲ್ಲಿ ಕಪ್ಪು ಕಲರ್ ಪೆನ್ಸಿಲ್‌ನ ಅಷ್ಟೇ ಅಗಲದ ಪಟ್ಟಿಯನ್ನೂ ಇಡಿ. ಅದು ಮೇಣ ಮತ್ತು ಬಣ್ಣ, ಹೊತ್ತುವುದಿಲ್ಲ. ಕಪ್ಪಗಿರುವುದಕ್ಕೂ ವಾಹಕತೆಗೂ ಸಂಬಂಧವಿಲ್ಲ ಎಂದು ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ.

ಕಾರಣ ಹೀಗೆ ವಿವರಿಸಿ: ಗ್ರಾಫೈಟ್‌ನಲ್ಲಿ ಪ್ರತಿ ಕಾರ್ಬನ್ ಮೂರಕ್ಕೆ ಮಾತ್ರ ಕೈ ಕೊಟ್ಟು ಜೇನುಗೂಡಿನಂಥ ಹಾಳೆ ಹೆಣೆಯುತ್ತದೆ. ಹೊರಗಿನ ನಾಲ್ಕು ಎಲೆಕ್ಟ್ರಾನ್‌ಗಳಲ್ಲಿ ಒಂದು ಉಳಿಯುತ್ತದೆ, ಅದು ಇಡೀ ಹಾಳೆಗೆ ಸೇರಿದ ಸ್ವತ್ತು, ಹಾಳೆಯುದ್ದಕ್ಕೂ ಓಡಾಡುತ್ತದೆ. ವಜ್ರದಲ್ಲಿ ನಾಲ್ಕಕ್ಕೆ ನಾಲ್ಕೂ ಬಂಧದಲ್ಲಿ ಸಿಕ್ಕಿಕೊಂಡಿರುವುದರಿಂದ ವಿದ್ಯುತ್ ಹರಿಯುವುದಿಲ್ಲ.

ಮಳೆಗಾಲ ಬಂತೆಂದರೆ ಬೀಗಗಳು ಬಿಗಿಯುತ್ತವೆ. ಎಣ್ಣೆ ಬದಲು ಪೆನ್ಸಿಲ್ ಪುಡಿ ಹಾಕಿ ಎನ್ನುತ್ತಾರೆ. ನಿಜವೇ?
— ಗೃಹಿಣಿ, ಭಾಗಮಂಡಲ

ಮನೆಯೊಳಗಿನ ಬಾಗಿಲು, ಬೀರು, ಕಪಾಟಿನ ಬೀಗಕ್ಕೆ ನಿಜ. ಗ್ರಾಫೈಟ್ ಹಾಳೆಯೊಳಗೆ ಪರಮಾಣುಗಳ ಅಂತರ 0.142 ನ್ಯಾನೋಮೀಟರ್, ಹಾಳೆ ಹಾಳೆಯ ನಡುವೆ 0.335. ಆ ಅಗಲ ಸಂದಿನಲ್ಲಿ ಹಿಡಿತ ಕಡಿಮೆ, ಹಾಗಾಗಿ ಹಾಳೆಗಳು ಜಾರುತ್ತವೆ. ಶಾಲೆಯಲ್ಲಿ ಇಷ್ಟೇ ಹೇಳುತ್ತಾರೆ. ಇನ್ನೊಂದು ವಿಷಯ ಬಿಟ್ಟುಹೋಗಿರುತ್ತದೆ: ಚೆನ್ನಾಗಿ ಜಾರಲು ಗಾಳಿಯ ತೇವಾಂಶ ಗ್ರಾಫೈಟ್‌ನ ಮೈಗೆ ಅಂಟಿರಬೇಕು. 1940ರ ದಶಕದಲ್ಲಿ ಬಹಳ ಎತ್ತರಕ್ಕೆ ಹಾರಿದ ವಿಮಾನಗಳ ಜನರೇಟರುಗಳಲ್ಲಿ ಕಾರ್ಬನ್ ಬ್ರಷ್‌ಗಳು ಬೇಗಬೇಗ ಸವೆದು ಪುಡಿಯಾದಾಗ ಇದು ಎದ್ದು ಕಂಡಿತು. ಅಲ್ಲಿನ ಗಾಳಿಯಲ್ಲಿ ತೇವವೇ ಇರಲಿಲ್ಲ. ಭಾಗಮಂಡಲದಲ್ಲಿ ಆ ಚಿಂತೆಯಿಲ್ಲ.

4ಬಿ ಅಥವಾ 6ಬಿ ಪೆನ್ಸಿಲ್ಲನ್ನು ಬೀಗದ ಕೈಯ ಎರಡೂ ಮುಖಕ್ಕೆ, ಹಲ್ಲುಗಳಿಗೆ ದಪ್ಪಗೆ ಉಜ್ಜಿ, ಹಾಕಿ ತೆಗೆದು ಹತ್ತು ಸಲ ತಿರುಗಿಸಿ. ಎರಡು ಮೂರು ಬಾರಿ ಮಾಡಿದರೆ ಸಾಕು. ಮೊದಲೇ ಎಣ್ಣೆ ಬಿಟ್ಟಿದ್ದ ಬೀಗಕ್ಕೆ ಮಾತ್ರ ಬೇಡ, ಎಣ್ಣೆ, ಧೂಳು, ಗ್ರಾಫೈಟ್ ಸೇರಿ ಕರಿ ಮುದ್ದೆಯಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿದ ಮೇಲೆ ಹಾಕಿ.

ಆದರೆ ತೋಟದ ಗೇಟಿನ ಬೀಗಕ್ಕೆ, ಅಂದರೆ ಮಳೆ ನೇರ ಹೊಡೆಯುವಲ್ಲಿ, ತೆಳು ಮೆಷಿನ್ ಎಣ್ಣೆಯೇ ಮೇಲು. ಗ್ರಾಫೈಟ್ ಜಾರಿಸುತ್ತದೆ, ನೀರನ್ನು ತಡೆಯುವುದಿಲ್ಲ. ಮೇಲಾಗಿ ಅದು ವಿದ್ಯುತ್ ವಾಹಕವಾದ್ದರಿಂದ ಒದ್ದೆಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಸೇರಿ ಸಣ್ಣ ಬ್ಯಾಟರಿಯಂತಾಗಿ ತುಕ್ಕನ್ನು ಹೆಚ್ಚಿಸುತ್ತದೆ.

ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಮೊದಲು ಹಳೆಯ ಕತ್ತಿಗಳನ್ನು ಗ್ರೈಂಡರ್ ಚಕ್ರಕ್ಕೆ ಕೊಟ್ಟು ಹರಿತ ಮಾಡಿಸಿದೆವು. ಅಂಚು ನೀಲಿಯಾಗಿದೆ, ಒಂದೇ ದಿನದಲ್ಲಿ ಮೊಂಡಾಯಿತು. ಚಕ್ರದ ದೋಷವೇ? ಕರಿ ಸಾಣೆಕಲ್ಲು ಒಳ್ಳೆಯದೇ?
— ಕಾಫಿ ಬೆಳೆಗಾರರು, ಪೊನ್ನಂಪೇಟೆ

ನೀಲಿ ಬಣ್ಣವೇ ಕಥೆ ಹೇಳುತ್ತದೆ. ಉಕ್ಕು ಸುಮಾರು 220–230 ಡಿಗ್ರಿಗೆ ಹುಲ್ಲಿನ ಹಳದಿ ಬಣ್ಣಕ್ಕೆ, 300ರ ಹತ್ತಿರ ನೀಲಿಗೆ ತಿರುಗುತ್ತದೆ. ನೀಲಿಯಾದಲ್ಲಿ ಕಮ್ಮಾರ ಕೊಟ್ಟ ಹದ ಇಳಿದಿದೆ. ಬಣ್ಣ ಉಜ್ಜಿ ತೆಗೆದರೆ ನೋಟ ಸರಿಹೋಗುತ್ತದೆ, ಗಟ್ಟಿತನ ಮರಳುವುದಿಲ್ಲ. ಮೆತ್ತಗಾದ ಭಾಗ ಸವೆಯುವವರೆಗೆ ತಣ್ಣಗೆ ಮಸೆಯಬೇಕು, ಇಲ್ಲವೇ ಕಮ್ಮಾರರ ಹತ್ತಿರ ಹೊಸದಾಗಿ ಹದ ಹಾಕಿಸಬೇಕು.

ಚಕ್ರದ ಚೀಟಿ ನೋಡಿ. ‘ಸಿ’ ಅಥವಾ ‘ಜಿಸಿ’ ಎಂದಿದ್ದರೆ ಸಿಲಿಕಾನ್ ಕಾರ್ಬೈಡ್, ‘ಎ’ ಅಥವಾ ‘ಡಬ್ಲ್ಯುಎ’ ಎಂದಿದ್ದರೆ ಅಲ್ಯೂಮಿನಿಯಂ ಆಕ್ಸೈಡ್. ಸಿಲಿಕಾನ್ ಕಾರ್ಬೈಡ್ ವಜ್ರದ ಹೆಣಿಗೆಯದ್ದೇ: ಪ್ರತಿ ಸಿಲಿಕಾನ್ ಸುತ್ತ ನಾಲ್ಕು ಕಾರ್ಬನ್, ಪ್ರತಿ ಕಾರ್ಬನ್ ಸುತ್ತ ನಾಲ್ಕು ಸಿಲಿಕಾನ್. ಕಾಠಿಣ್ಯದ ಮೋಸ್ ಅಳತೆಯಲ್ಲಿ ವಜ್ರ 10, ಇದು 9ರಿಂದ 9.5. ಅಮೆರಿಕದ ಎಡ್ವರ್ಡ್ ಅಚೆಸನ್ ಇದಕ್ಕೆ ‘ಕಾರ್ಬೊರಂಡಮ್’ ಎಂದು ಹೆಸರಿಟ್ಟು 1893ರಲ್ಲಿ ಪೇಟೆಂಟ್ ಪಡೆದ. ಮರಳು ಮತ್ತು ಕೋಕ್ ಬೆರೆಸಿ ವಿದ್ಯುತ್ ಕುಲುಮೆಯಲ್ಲಿ 2,000 ಡಿಗ್ರಿಗೂ ಮೇಲೆ ಕಾಯಿಸಿದರೆ ಸಿಗುತ್ತದೆ. ಇಷ್ಟು ಗಟ್ಟಿಯಾದರೂ ವೇಗದ ಚಕ್ರದಲ್ಲಿ ಉಕ್ಕಿಗೆ ಇದು ಸರಿಯಲ್ಲ. ಕೆಂಪಗೆ ಕಾಯ್ದ ಕಬ್ಬಿಣಕ್ಕೆ ಕಾರ್ಬನ್, ಸಿಲಿಕಾನ್ ಎರಡೂ ಇಷ್ಟ, ಹರಳಿನ ಚೂಪಿನಿಂದ ಅವನ್ನು ಎಳೆದುಕೊಂಡು ಹರಳನ್ನೇ ಮೊಂಡು ಮಾಡುತ್ತದೆ. ಮೊಂಡು ಹರಳು ಕತ್ತರಿಸುವುದಿಲ್ಲ, ಬರೀ ತಿಕ್ಕುತ್ತದೆ. ತಿಕ್ಕಿದಷ್ಟೂ ಬಿಸಿ. ಟೈಲ್ಸ್ ಕೊಯ್ಯುವ ವಜ್ರದ ಬ್ಲೇಡಿನಲ್ಲಿ ಕಬ್ಬಿಣದ ರಾಡ್ ಕೊಯ್ಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಉಕ್ಕಿಗೆ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ ಹಾಕಿಸಿ, ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಲು ಹೇಳಿ.

ಕೈಯಲ್ಲಿ ಮಸೆಯುವುದಾದರೆ ಈ ತಕರಾರಿಲ್ಲ, ಬಿಸಿಯೇ ಹುಟ್ಟುವುದಿಲ್ಲವಲ್ಲ. ಕರಿ ಕಾರ್ಬೊರಂಡಮ್ ಕಲ್ಲು ಧಾರಾಳವಾಗಿ ಬಳಸಿ. ಕಲ್ಲನ್ನು ಐದಾರು ನಿಮಿಷ ನೀರಲ್ಲಿ ನೆನೆಸಿ, ಮೊದಲು 120 ಗ್ರಿಟ್ ಬದಿಯಲ್ಲಿ, ಆಮೇಲೆ 240ರಲ್ಲಿ. ಕಾಡು ಕಡಿಯುವ ಕತ್ತಿಗೆ ಕಲ್ಲಿನಿಂದ 25 ಡಿಗ್ರಿಯಷ್ಟು ಎತ್ತಿ ಹಿಡಿಯಿರಿ, ಅದಕ್ಕಿಂತ ಚಪ್ಪಟೆಯಾಗಿ ಮಸೆದರೆ ಹರಿತ ಬರುತ್ತದೆ, ಆದರೆ ಮೊದಲ ಗಂಟಿಗೇ ಅಂಚು ಮಡಚುತ್ತದೆ. ಒಂದು ಬದಿ ಮಸೆದಾಗ ಇನ್ನೊಂದು ಬದಿಯಲ್ಲಿ ಬೆರಳಿಗೆ ಸಣ್ಣ ಏಣು ಸಿಗಬೇಕು, ಸಿಕ್ಕ ಮೇಲೆ ಮಗ್ಗುಲು ಬದಲಿಸಿ. ಹಳಬರು ಮರದ ಹಲಗೆಗೆ ಬೆಣಚುಕಲ್ಲಿನ ಪುಡಿ ಹಾಕಿ ಮಸೆಯುತ್ತಿದ್ದುದೂ ಅಪ್ಪಟ ರಸಾಯನಶಾಸ್ತ್ರವೇ. ಬೆಣಚು ಎಂದರೆ ಸಿಲಿಕಾ, ಕಾಠಿಣ್ಯ 7. ಹದ ಹಾಕಿದ ಉಕ್ಕಿಗಿಂತ ಒಂದು ಕೂದಲು ಮೇಲೆ, ಅದಕ್ಕೇ ನಿಧಾನ.

ಸಾಣೆಕಲ್ಲು ಕೆಳಗೆ ಬಿದ್ದರೆ ಎರಡು ತುಂಡು. ಲೋಹದಲ್ಲಿ ಪರಮಾಣುಗಳ ಸಾಲು ಜಾರಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಜಾಲ ರಚನೆಯಲ್ಲಿ ಜಾರಲು ಎಡೆಯಿಲ್ಲ, ಬಿರುಕು ಹುಟ್ಟಿದರೆ ಓಡಿಯೇ ಬಿಡುತ್ತದೆ. ಬಿರುಕು ಬಿಟ್ಟ ಗ್ರೈಂಡರ್ ಚಕ್ರವನ್ನಂತೂ ಯಾವ ಕಾರಣಕ್ಕೂ ತಿರುಗಿಸಬೇಡಿ.

ವಜ್ರದ ಓಲೆ ಅಸಲಿಯೋ ನಕಲಿಯೋ ಮನೆಯಲ್ಲೇ ತಿಳಿಯಬಹುದೇ? ಊದಿ ನೋಡುವುದು, ಗಾಜು ಗೀಚುವುದು ಸರಿಯೇ?
— ಓದುಗರು, ಗೋಣಿಕೊಪ್ಪ

ಗಾಜು ಗೀಚುವುದರಿಂದ ಏನೂ ತಿಳಿಯದು. ಬೆಣಚುಕಲ್ಲೂ ಗಾಜನ್ನು ಗೀಚುತ್ತದೆ. ಅಂಚು ಹಾರಿದರೆ ನಷ್ಟ ನಿಮ್ಮದೇ. ವಜ್ರವನ್ನು ಗೀಚುವುದು ಕಷ್ಟ, ಒಡೆಯುವುದು ಕಷ್ಟವಲ್ಲ, ಕೆಲವು ದಿಕ್ಕುಗಳಲ್ಲಿ ಅದು ನೇರ ಸೀಳುತ್ತದೆ.

ಊದಿ ನೋಡುವುದಕ್ಕೆ ಒಂದು ತತ್ವವಿದೆ. ಬಿಗಿ ಹೆಣಿಗೆಯಲ್ಲಿ ಒಂದು ಕಡೆಯ ಕಂಪನ ತಕ್ಷಣ ಮತ್ತೊಂದು ಕಡೆಗೆ ದಾಟುವುದರಿಂದ ವಜ್ರ ತಾಮ್ರಕ್ಕಿಂತ ಐದು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಉಸಿರಿನ ಮಂಜು ಬೇಗ ಆರುತ್ತದೆ. ಆದರೆ ಆಷಾಢದ ಕೊಡಗಿನಲ್ಲಿ ಕನ್ನಡಕವೇ ಆರುವುದಿಲ್ಲ, ಇದನ್ನು ನಂಬಿ ತೀರ್ಮಾನಿಸಬೇಡಿ. ಅಂಗಡಿಯ ಟೆಸ್ಟರ್ ಪೆನ್ ಅಳೆಯುವುದೂ ಶಾಖವನ್ನೇ. ವಜ್ರದಂತೆ ಕಾಣುವ ಕೃತಕ ಕಲ್ಲು ಕ್ಯೂಬಿಕ್ ಜಿರ್ಕೋನಿಯಾವನ್ನು ಅದು ಕ್ಷಣದಲ್ಲಿ ಹಿಡಿಯುತ್ತದೆ. ಮೊಯ್ಸನೈಟ್ ಮುಂದೆ ಬರೀ ಶಾಖದ ಟೆಸ್ಟರ್ ಸೋಲುತ್ತದೆ, ಏಕೆಂದರೆ ಅದು ಮೇಲೆ ಹೇಳಿದ ಸಿಲಿಕಾನ್ ಕಾರ್ಬೈಡೇ, ಸಾಣೆಕಲ್ಲಿನ ಪಾರದರ್ಶಕ ತಂಗಿ. ವಿದ್ಯುತ್ತನ್ನೂ ಅಳೆಯುವ ಟೆಸ್ಟರ್ ಇದೆಯೇ ಎಂದು ಕೇಳಿ. 10 ಪಟ್ಟಿನ ಮಸೂರದಲ್ಲಿ ಕಲ್ಲನ್ನು ಓರೆಯಾಗಿ ನೋಡಿದಾಗ ಹಿಂಬದಿಯ ಅಂಚುಗಳು ಜೋಡಿಜೋಡಿಯಾಗಿ ಕಂಡರೆ ಮೊಯ್ಸನೈಟ್ ಎಂಬ ಶಂಕೆ ಬಲವಾಗುತ್ತದೆ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರಕ್ಕೆ ಟೆಸ್ಟರ್ ‘ವಜ್ರ’ ಎಂದೇ ಹೇಳುತ್ತದೆ. ತಪ್ಪೇನಿಲ್ಲ, ಹೆಣಿಗೆ ಅದೇ.

ಓಲೆಗೆ ಬೆಸುಗೆ ಹಾಕಿಸುವಾಗ ಕಲ್ಲು ಬಿಚ್ಚಿಸಿ, ಅಥವಾ ಬೋರಿಕ್ ಆಮ್ಲದ ಲೇಪ ಹಾಕಿದ್ದಾರೆಯೇ ನೋಡಿ. ಗಾಳಿಯಲ್ಲಿ 800 ಡಿಗ್ರಿಯ ಆಸುಪಾಸಿಗೆ ವಜ್ರ ಮೇಲ್ಮೈಯಲ್ಲಿ ಉರಿಯತೊಡಗಿ ಹಾಲಿನ ಹಾಗೆ ಮಂಕಾಗುತ್ತದೆ. ಎಷ್ಟೆಂದರೂ ಕಾರ್ಬನ್ ತಾನೇ.

ಭತ್ತದ ಉಮಿ ಸುಟ್ಟ ಕರಿಯಲ್ಲಿ ಹಲ್ಲುಜ್ಜುವುದು ಹಿಂದಿನಿಂದ ಬಂದದ್ದು. ಮುಂದುವರಿಸಬಹುದೇ?
— ಹಿರಿಯ ಓದುಗರು, ವಿರಾಜಪೇಟೆ

ಪಾತ್ರೆಗೆ ಇರಲಿ, ಹಲ್ಲಿಗೆ ಬೇಡ. ಭತ್ತದ ಬೇರು ನೀರಿನಲ್ಲಿ ಕರಗಿದ ಸಿಲಿಕಾವನ್ನು ಹೀರಿ ಉಮಿಯಲ್ಲಿ ತುಂಬಿಡುತ್ತದೆ. ಪೂರ್ತಿ ಸುಟ್ಟ ಉಮಿಬೂದಿಯಲ್ಲಿ ನೂರಕ್ಕೆ 85–95 ಪಾಲು ಸಿಲಿಕಾ. ಹಲ್ಲಿನ ಎನಾಮೆಲ್ ಕಾಠಿಣ್ಯ 5, ಸಿಲಿಕಾದ್ದು ಅದಕ್ಕಿಂತ ಹೆಚ್ಚು. ಟೂತ್‌ಪೇಸ್ಟಿನಲ್ಲೂ ಸಿಲಿಕಾ ಇರುತ್ತದೆ ಎನ್ನಬಹುದು. ಅದರ ಕಣದ ಗಾತ್ರ, ಸವೆತದ ಪ್ರಮಾಣ ಅಳೆದು ಹಾಕಿದ್ದು. ಉಮಿಕರಿಯಲ್ಲಿ ಚೂಪು ಚೂರುಗಳೂ ಉಳಿದಿರುತ್ತವೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಆನೆ ತಡೆಯುವ ಸೋಲಾರ್ ಬೇಲಿಯ ಪ್ಯಾನೆಲ್‌ನಲ್ಲಿರುವ ಸಿಲಿಕಾನ್‌ಗೂ ವಜ್ರದ ರಚನೆಯೇ ಎಂದು ಓದಿದೆ. ಹಾಗಾದರೆ ಅದು ಪಾರದರ್ಶಕ ಯಾಕಲ್ಲ?
— ಡಿಗ್ರಿ ವಿದ್ಯಾರ್ಥಿ, ತಿತಿಮತಿ

ಹೆಣಿಗೆ ಒಂದೇ, ಬಿಗಿ ಬೇರೆ. ಸಿಲಿಕಾನ್ ಬಂಧದ ಉದ್ದ 0.235 ನ್ಯಾನೋಮೀಟರ್, ವಜ್ರಕ್ಕಿಂತ ಒಂದೂವರೆ ಪಟ್ಟು. ಹಾಗಾಗಿ 1,414 ಡಿಗ್ರಿಗೇ ಕರಗುತ್ತದೆ. ಬಂಧದಿಂದ ಎಲೆಕ್ಟ್ರಾನ್ ಬಿಡಿಸಲು ಸಿಲಿಕಾನ್‌ನಲ್ಲಿ 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು, ವಜ್ರದಲ್ಲಿ 5.5 ಬೇಕು. ಕಣ್ಣಿಗೆ ಕಾಣುವ ಬೆಳಕಿನ ಶಕ್ತಿ ಸುಮಾರು 1.7ರಿಂದ 3.1. ವಜ್ರವನ್ನು ಅದು ಸುಮ್ಮನೆ ಹಾದುಹೋಗುತ್ತದೆ, ಸಿಲಿಕಾನ್ ಅದನ್ನು ನುಂಗಿ ಎಲೆಕ್ಟ್ರಾನ್ ಬಿಡುತ್ತದೆ. ನಿಮ್ಮ ಬೇಲಿಗೆ ಬರುವ ಕರೆಂಟು ಅದೇ. ಪ್ಯಾನೆಲ್ ಒಳಗಿನ ಬಿಲ್ಲೆಯ ದಪ್ಪ 0.2 ಮಿ.ಮೀ.ಗೂ ಕಡಿಮೆ, ಮೇಲೆ ಹತ್ತಿ ಎಲೆ ಗುಡಿಸಬೇಡಿ. ಗಾಜು ತಡೆದುಕೊಂಡರೂ ಒಳಗೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ.

ನಮ್ಮ ಮಣ್ಣೆಲ್ಲ ಕೆಂಪು, ಹೊಳೆಯ ಮರಳು ಮಾತ್ರ ಬಿಳಿಚು. ಒಂದೇ ಬೆಟ್ಟದಿಂದ ಬಂದದ್ದಲ್ಲವೇ?
— ಕಲ್ಲು ಕೊಯ್ಯುವ ಕೆಲಸದವರು, ಕುಶಾಲನಗರ

ಒಂದೇ ಬೆಟ್ಟದ್ದೇ. ನಿಮ್ಮ ಭಾಗದ ನೈಸ್ ಶಿಲೆಯಲ್ಲಿ ಫೆಲ್ಡ್‌ಸ್ಪಾರ್, ಅಭ್ರಕ, ಬೆಣಚು ಬೆರೆತಿವೆ. ಫೆಲ್ಡ್‌ಸ್ಪಾರ್‌ನ ಹೆಣಿಗೆಯಲ್ಲಿ ಅಲ್ಯೂಮಿನಿಯಂ ಇದೆ, ಸಂದುಗಳಲ್ಲಿ ಪೊಟ್ಯಾಷಿಯಂ, ಸೋಡಿಯಂ ಅಯಾನುಗಳಿವೆ. ಮಳೆನೀರು ಅಲ್ಲಿಂದ ನುಗ್ಗಿ ಶಿಲೆಯನ್ನು ಕೊಳೆಸಿ ಜೇಡಿಮಣ್ಣು ಮಾಡುತ್ತದೆ, ಕಬ್ಬಿಣ ಅದಕ್ಕೆ ಕೆಂಪು ಬಳಿಯುತ್ತದೆ. ಬೆಣಚಿನಲ್ಲಿ ನೀರಿಗೆ ಹಿಡಿಯಲು ಅಂಥ ಸಂದೇ ಇಲ್ಲ, ಸಿಲಿಕಾನ್–ಆಕ್ಸಿಜನ್ ಬಂಧವನ್ನೇ ಮುರಿಯಬೇಕು. ಒಂದು ಲೀಟರ್ ನೀರಿನಲ್ಲಿ ಕರಗುವುದು ಹತ್ತು ಮಿಲಿಗ್ರಾಂ ಒಳಗೆ. ಉಳಿದದ್ದು ಹೊಳೆಯಲ್ಲಿ ಉರುಳಿ ಮರಳಾಗಿ ನಿಮ್ಮಲ್ಲಿಗೆ ಬರುತ್ತದೆ.

ನಿಮ್ಮ ಕೆಲಸಕ್ಕೆ ಸಂಬಂಧಿಸಿ ಒಂದು ಮಾತು, ನೀವು ಕೇಳದಿದ್ದರೂ. ಮಳೆಗೆ ಕರಗದ ಆ ಬೆಣಚು ಶ್ವಾಸಕೋಶದಲ್ಲೂ ಕರಗುವುದಿಲ್ಲ. ಒಣ ಕಲ್ಲು ಕೊಯ್ದಾಗ ಏಳುವ, ಕಣ್ಣಿಗೆ ಕಾಣದಷ್ಟು ನುಣ್ಣನೆಯ ಧೂಳು ಒಳಗೆ ನಿಂತು ಗಾಯ ಮಾಡುತ್ತ ಹೋಗುತ್ತದೆ, ಅದೇ ಸಿಲಿಕೋಸಿಸ್. ಅದನ್ನು ಗುಣಪಡಿಸುವ ಔಷಧಿಯಿಲ್ಲ. ಬ್ಲೇಡಿಗೆ ಸದಾ ನೀರು ಬೀಳುವಂತೆ ಪೈಪ್ ಕಟ್ಟಿ, ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುವಂತೆ ನಿಲ್ಲಿ. ಮುಖಕ್ಕೆ ಕಟ್ಟಿದ ಟವೆಲ್ ಈ ಧೂಳನ್ನು ತಡೆಯದು, ಮೂಗಿಗೆ ಬಿಗಿಯಾಗಿ ಕೂರುವ ಎನ್95 ಮಾಸ್ಕೇ ಬೇಕು. ಸಂಜೆ ನೆಲ ಗುಡಿಸುವ ಮುಂಚೆಯೂ ನೀರು ಚಿಮುಕಿಸಿ.